ಹೆಸರು ಆಮೇಲೆ ಕಲಿಸೋಣ, ಮೊದಲು ಮಾತು ಬದಲಾಗುವುದನ್ನು ತೋರಿಸೋಣ: ಕನ್ನಡ ಪಠ್ಯಪುಸ್ತಕ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಪ್ರಾಥಮಿಕ ಶಾಲೆಯ ಕನ್ನಡ ಪುಸ್ತಕಗಳನ್ನು ಬರೆಯುವ, ತಿದ್ದುವ, ಒಪ್ಪಿಗೆ ಕೊಡುವ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಪಾಠ ಮಾಡುವವಳು. ನಾಲ್ಕರಿಂದ ಏಳನೇ ತರಗತಿಯ ಮಕ್ಕಳು ನನ್ನ ಕೈಯಲ್ಲಿ ಕಲಿಯುತ್ತಾರೆ. ಮುಂದಿನ ಸಲ ನೀವು ಪುಸ್ತಕ ಪರಿಷ್ಕರಿಸಲು ಕೂತಾಗ, ಪಾಠದ ಕೊನೆಯಲ್ಲಿ ಬರುವ ವ್ಯಾಕರಣದ ಭಾಗವನ್ನು ಬುಡದಿಂದ ಹೊಸದಾಗಿ ಯೋಚಿಸಿ ಎಂದು ಕೇಳಿಕೊಳ್ಳಲು ಈ ಪತ್ರ.

ನಮ್ಮಲ್ಲಿ ವ್ಯಾಕರಣ ಹೇಗೆ ಶುರುವಾಗುತ್ತದೆ ನೋಡಿ. ಮೊದಲು ಹೆಸರು ಬರುತ್ತದೆ. ಲೋಪಸಂಧಿ, ಆಗಮಸಂಧಿ, ಆದೇಶಸಂಧಿ. ಆಮೇಲೆ ಒಂದು ಸಾಲಿನ ಸೂತ್ರ, ನಾಲ್ಕು ಉದಾಹರಣೆ. ಕೊನೆಗೆ 'ಬಿಡಿಸಿ ಬರೆದು ಸಂಧಿ ಹೆಸರಿಸಿ'. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ರಜೆಯಲ್ಲಿ ಮರೆಯುತ್ತಾರೆ. ಈ ಮೂರೂ ಹೆಸರುಗಳು ಹೇಳುವುದು ಬದಲಾವಣೆಯ ಕಥೆಯನ್ನೇ ಅಲ್ವಾ? ಒಂದು ಅಕ್ಷರ ಬಿದ್ದುಹೋಯಿತು, ಒಂದು ಹೊಸದಾಗಿ ಬಂತು, ಒಂದರ ಜಾಗದಲ್ಲಿ ಇನ್ನೊಂದು ಕೂತಿತು. ಊರು, ಅಲ್ಲಿ ಸೇರಿದಾಗ 'ಊರಲ್ಲಿ'. ಮನೆ, ಅಲ್ಲಿ ಸೇರಿದಾಗ 'ಮನೆಯಲ್ಲಿ'. ಮಳೆ, ಕಾಲ ಸೇರಿದಾಗ 'ಮಳೆಗಾಲ'. ಮೂರು ವರ್ಷದ ಮಗುವೂ ಇದನ್ನು ಒಂದು ಕ್ಷಣ ಯೋಚಿಸದೆ ಸರಿಯಾಗಿ ಹೇಳುತ್ತದೆ. ಅಷ್ಟು ದೊಡ್ಡ ಜ್ಞಾನ ಮಗುವಿನ ಬಾಯಲ್ಲೇ ಇದೆ. ಅದನ್ನು ಮಗುವಿಗೇ ತೋರಿಸಿ 'ನೋಡು, ಇಷ್ಟೆಲ್ಲ ನಿನಗೆ ಗೊತ್ತು' ಎಂದು ಹೇಳಬೇಕಾದ ಕಡೆ, ಗೊತ್ತಿಲ್ಲದ ಮೂರು ಹೆಸರು ಕೊಟ್ಟು ಹೆದರಿಸುತ್ತಿದ್ದೇವೆ.

ಐದನೇ ತರಗತಿಯಲ್ಲಿ ಒಂದು ಪೀರಿಯಡ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಅವತ್ತು ಭೂತಕಾಲದ ಪಾಠ ಇತ್ತು. ಸೂತ್ರ ಬರೆಯದೆ, ಬೋರ್ಡಿನ ಮೇಲೆ 'ಇವತ್ತು' ಮತ್ತು 'ನಿನ್ನೆ' ಎಂದು ಎರಡು ಕಾಲಂ ಎಳೆದೆ. ಡು ಕೊನೆಗೆ ಬರುವ ಕೆಲಸದ ಮಾತುಗಳನ್ನು ಹೇಳಿ ಎಂದೆ. ಕೊಡು, ಓಡು, ಬಿಡು, ನೋಡು, ಸುಡು, ಹಾಡು, ಇಡು, ಮಾಡು, ನೆಡು, ಬೇಡು ಎಂದು ಸಾಲಾಗಿ ಬಂದವು. ನಿನ್ನೆಯ ಕಾಲಂ ತುಂಬುತ್ತಾ ಹೋದರು. ಕೊಟ್ಟ, ಓಡಿದ, ಬಿಟ್ಟ, ನೋಡಿದ, ಸುಟ್ಟ, ಹಾಡಿದ. ಎಲ್ಲವೂ ಡು ಇರುವ ಮಾತೇ ಆದರೂ ಕೆಲವಕ್ಕೆ ಟ್ಟ, ಕೆಲವಕ್ಕೆ ಡಿದ ಯಾಕೆ ಎಂದು ಕೇಳಿದೆ. ಮೊದಲು ಗದ್ದಲ. ಕೆಟ್ಟ ಕೆಲಸಕ್ಕೆ ಟ್ಟ ಬರುತ್ತೆ ಎಂದು ಒಬ್ಬ ಹೇಳಿದ. 'ಕೊಟ್ಟ' ಕೆಟ್ಟದ್ದೇನೋ ಎಂದು ಇನ್ನೊಬ್ಬಳು ಅವನ ಬಾಯಿ ಮುಚ್ಚಿಸಿದಳು. ಆಮೇಲೆ ಟ್ಟ ಬರುವುದನ್ನೆಲ್ಲ ಒಂದು ಕಡೆ, ಡಿದ ಬರುವುದನ್ನೆಲ್ಲ ಇನ್ನೊಂದು ಕಡೆ ಬರೆಸಿದೆ. ಗಟ್ಟಿಯಾಗಿ ಓದಿ ಎಂದೆ. ಓದುವಾಗಲೇ ಹಿಂದಿನ ಸಾಲಿನಿಂದ ಉತ್ತರ ಬಂತು: 'ಮಿಸ್, ಈ ಕಡೇದೆಲ್ಲ ಬೇಗ ಮುಗಿಯುತ್ತೆ, ಆ ಕಡೇದು ಎಳೀಬೇಕು.'

ಅಷ್ಟೇ. ಹ್ರಸ್ವ ಇದ್ದರೆ ಟ್ಟ, ದೀರ್ಘ ಇದ್ದರೆ ಡಿದ. ಹ್ರಸ್ವ, ದೀರ್ಘ ಎನ್ನುವ ಮಾತುಗಳು ಅವರಿಗೆ ವರ್ಣಮಾಲೆಯ ಪಾಠದಿಂದ ಗೊತ್ತಿದ್ದವು. ಆದರೆ ಅವುಗಳಿಂದ ಏನು ಕೆಲಸ ಆಗುತ್ತದೆ ಎನ್ನುವುದು ಅವತ್ತೇ ಕಂಡದ್ದು. ಗು ಇರುವ ಮಾತುಗಳನ್ನು ನೋಡೋಣ ಎಂದು ಅವರೇ ಹೊರಟರು. ನಗು ನಕ್ಕ, ಸಿಗು ಸಿಕ್ಕ. ಕೂಗು ಕೂಗಿದ, ಬಾಗು ಬಾಗಿದ, ತೂಗು ತೂಗಿದ. ಇಲ್ಲೂ ಅದೇ ಲೆಕ್ಕ! ಹೋಗು, ಆಗು ಬಂದಾಗ ಮಾತ್ರ ಎಡವಿದರು. ಹೋಗಿದ ಅಲ್ಲ, ಹೋದ. ಆಗಿದ ಅಲ್ಲ, ಆದ. ದಿನಕ್ಕೆ ನೂರು ಸಲ ಬಳಸುವ ಮಾತುಗಳು ಎಷ್ಟೋ ಭಾಷೆಗಳಲ್ಲಿ ಹೀಗೇ, ನಿಯಮ ತಪ್ಪಿಸಿಕೊಂಡು ಓಡಾಡುತ್ತವೆ. ಅದನ್ನೂ ಹೇಳಿದೆ. ಮಕ್ಕಳಿಗೆ ನಿಯಮಕ್ಕಿಂತ ನಿಯಮ ಮುರಿದ ಮಾತುಗಳೇ ಜಾಸ್ತಿ ಇಷ್ಟವಾದವು.

ಈ ನಿಯಮ ನಾಲ್ಕನೇ, ಐದನೇ ತರಗತಿಯ ಪುಸ್ತಕದಲ್ಲಿ ಯಾಕೆ ಇರಬಾರದು? 'ಭೂತಕಾಲದಲ್ಲಿ ದ ಪ್ರತ್ಯಯ ಸೇರುತ್ತದೆ' ಎಂದು ಓದಿದ ಮಗುವಿಗೆ 'ಕೊಟ್ಟ' ಎಲ್ಲಿಂದ ಬಂತು ಎಂದು ಗೊತ್ತಾಗುವುದಿಲ್ಲ. ತಾನೇ ಹುಡುಕಿದ ಮಗು ಅದನ್ನು ಮರೆಯುವುದೂ ಇಲ್ಲ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣಕ್ಕೆ ಬರುತ್ತೇನೆ.

ನಮ್ಮ ಹಳೇ ಮೈಸೂರಿನ ಹಳ್ಳಿಗಳಲ್ಲಿ ಅನೇಕರ ಮಾತಿನಲ್ಲಿ ಹ ಇಲ್ಲ. ಹಾಲು 'ಆಲು', ಹೋಗು 'ಓಗು', ಹೆಸರು 'ಎಸರು'. ಮಗು ಮನೆಯಲ್ಲಿ ಕೇಳಿದ್ದನ್ನೇ ಶಾಲೆಯಲ್ಲಿ ಆಡುತ್ತದೆ, ಆಡಿದ್ದನ್ನೇ ಬರೆಯುತ್ತದೆ. ಕೆಂಪು ಇಂಕಿನ ಸುತ್ತು ಬೀಳುತ್ತದೆ. ಹಳ್ಳಿ ಗುಗ್ಗು, ನಾಲಿಗೆ ಹೊರಳಲ್ವಾ ಎನ್ನುವ ಬೈಗುಳವೂ ಬೀಳುತ್ತದೆ. ಆಮೇಲೆ ಏನಾಗುತ್ತದೆ ಎನ್ನುವುದನ್ನು ಉಕ್ತಲೇಖನದ ಪುಸ್ತಕಗಳಲ್ಲಿ ನೋಡಬೇಕು. ಮಗು 'ಹಾನೆ' ಎಂದು ಬರೆಯಲು ಶುರು ಮಾಡುತ್ತದೆ. 'ಹಿಲಿ' ಎಂದು ಬರೆಯುತ್ತದೆ. ಎಲ್ಲಿ ಹ ಬಿಟ್ಟರೆ ಏಟು ಬೀಳುತ್ತದೋ ಗೊತ್ತಿಲ್ಲದೆ, ಆನೆಗೂ ಇಲಿಗೂ ಒಂದೊಂದು ಹ ಹಚ್ಚಿ ಸುಮ್ಮನಾಗುತ್ತದೆ. ಅದು ದಡ್ಡತನ ಅಲ್ಲ, ಭಯ.

ಈ ಮಗುವಿಗೆ ನಾವು ಹೇಳದೆ ಬಚ್ಚಿಟ್ಟ ಒಂದು ವಿಷಯ ಇದೆ. ಪುಸ್ತಕದ 'ಹಾಲು' ಕೂಡ ಮೊದಲಿನಿಂದ ಹಾಲು ಆಗಿರಲಿಲ್ಲ. ಅದು 'ಪಾಲ್' ಆಗಿತ್ತು. ಹುಲಿ 'ಪುಲಿ', ಹೆಸರು 'ಪೆಸರ್', ಹಲ್ಲು 'ಪಲ್', ಹೊಲ 'ಪೊಲ', ಹೋಗು 'ಪೋಗು'. 10ನೇ ಶತಮಾನದಲ್ಲಿ ಪಂಪ ಬರೆದದ್ದು ಪಕಾರದ ಕನ್ನಡ. ಅಲ್ಲಿಂದ ಮುಂದೆ ಜನರ ಬಾಯಲ್ಲಿ ಪ ಮೆಲ್ಲಗೆ ಹ ಆಯಿತು. ಶಾಸನಗಳಲ್ಲಿ ಎರಡೂ ಬೆರೆತು ಕಾಣಿಸಿಕೊಂಡವು. ಕೊನೆಗೆ ಬರಹವೂ ಹ ಒಪ್ಪಿಕೊಂಡಿತು. ಅಂದರೆ ಪಾಲು ಹಾಲಾಯಿತು, ಹಾಲು ನಮ್ಮ ಹಳ್ಳಿಗಳಲ್ಲಿ ಆಲು ಆಯಿತು. ದಾರಿ ಒಂದೇ. ನಮ್ಮ ಊರಿನ ಮಗು ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದೆ, ಅಷ್ಟೇ. ಅದರ ನಾಲಿಗೆಯಲ್ಲಿ ದೋಷ ಇಲ್ಲ.

ಇದನ್ನು ಹತ್ತು ವರ್ಷದ ಮಕ್ಕಳಿಗೆ ಹೇಗೆ ಹೇಳುವುದು ಎಂದು ನೀವು ಕೇಳಬಹುದು. ಮಗ್ಗಿಯಲ್ಲೇ ಇದೆ. ಹತ್ತರ ಮಗ್ಗಿ ಹೇಳಿಸಿ ನೋಡಿ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಒಂದನೇ ತರಗತಿಯಿಂದ ಹಾಡುತ್ತಿರುವ ಸಾಲು ಇದು. 'ಇದರಲ್ಲೆಲ್ಲ ಹತ್ತು ಎಲ್ಲಿದೆ ತೋರಿಸಿ' ಎಂದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ಮೊದಲನೆಯದು ಬಿಟ್ಟರೆ ಒಂದರಲ್ಲೂ ಹತ್ತು ಇಲ್ಲ! ಪತ್ತು ಇದೆ, ವತ್ತು ಇದೆ, ಬತ್ತು ಇದೆ. ಯಾಕೆಂದರೆ ಈ ಮಾತುಗಳು ಕೂಡಿಕೊಂಡಾಗ ಹತ್ತು ಇನ್ನೂ 'ಪತ್ತು' ಆಗಿತ್ತು. ಒತ್ತಕ್ಷರದ ಒಳಗೆ ಸಿಕ್ಕಿಕೊಂಡ ಪ ಹಾಗೇ ಉಳಿಯಿತು, ಇಪ್ಪತ್ತು, ಎಪ್ಪತ್ತು. ಸ್ವರದ ನಡುವೆ ಸಿಕ್ಕಿದ್ದು ವ ಆಯಿತು, ಮೂವತ್ತು, ಐವತ್ತು. ಅನುಸ್ವಾರದ ಪಕ್ಕ ಬಂದದ್ದು ಬ ಆಯಿತು, ಎಂಬತ್ತು, ತೊಂಬತ್ತು. ಒಂಟಿಯಾಗಿ ಮುಂದೆ ನಿಂತ ಪ ಮಾತ್ರ ಹ ಆಗಿ ಹತ್ತು ಎನಿಸಿಕೊಂಡಿತು. ಪುಸ್ತಕ ಯಾವುದನ್ನು ಆದೇಶಸಂಧಿ ಎಂದು ಕರೆಯುತ್ತದೋ ಅದು ಮಕ್ಕಳ ಮಗ್ಗಿಯೊಳಗೇ ಕೂತಿದೆ.

'ಕಂಬನಿ'ಯ ಕಥೆಯೂ ಇದೇ. ಆದೇಶಸಂಧಿಗೆ ಈ ಉದಾಹರಣೆ ಎಲ್ಲ ಕಡೆ ಸಿಗುತ್ತದೆ. ಕಣ್ + ಪನಿ = ಕಂಬನಿ. ಪನಿ ಅಂದರೆ ಏನು ಎಂದು ಮಗು ಕೇಳಿದರೆ ಪುಟದಲ್ಲಿ ಉತ್ತರ ಇಲ್ಲ. ಪನಿ ಅಂದರೆ ಹನಿ ಎಂದು ಒಂದು ಸಾಲು ಬರೆದಿದ್ದರೆ, ಪುಲಿ-ಹುಲಿ, ಪಾಲು-ಹಾಲು ಜೊತೆಗೆ ಇಟ್ಟಿದ್ದರೆ, ಸೂತ್ರಕ್ಕೆ ಜೀವ ಬರುತ್ತಿತ್ತು.

ಮಂಡ್ಯದ ಮಕ್ಕಳಿಗೆ ತೋರಿಸಲು ನಮ್ಮದೇ ಒಂದು ಕಲ್ಲೂ ಇದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು, ಸುಮಾರು ಕ್ರಿ.ಶ. 950ರದ್ದು. ಕಾಳಿ ಎನ್ನುವ ಬೇಟೆನಾಯಿ ದೊಡ್ಡ ಹಂದಿಯ ಜೊತೆ ಹೋರಾಡಿ, ಎರಡೂ ಒಟ್ಟಿಗೆ ಸತ್ತ ಕಥೆ ಅದರಲ್ಲಿದೆ. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಗೆ ಕಲ್ಲು ನೆಟ್ಟರು ಎಂದರೆ ಸಾಕು, ಇಡೀ ತರಗತಿ ಕಿವಿ ನಿಮಿರಿಸುತ್ತದೆ. ಆ ಕಲ್ಲಿನಲ್ಲಿ ಹಂದಿ ಎಂದು ಬರೆದಿಲ್ಲ, 'ಪಂದಿ' ಎಂದು ಬರೆದಿದೆ. ಈ ಮಾತು ಬೋರ್ಡಿನ ಮೇಲೆ ಬರೆದಾಗ, ತೆಲುಗು ಮನೆಮಾತಿನ ಹುಡುಗಿಯೊಬ್ಬಳು ಎದ್ದು ನಿಂತು 'ಮಿಸ್, ನಮ್ಮನೇಲಿ ಈಗಲೂ ಪಂದಿ ಅಂತಲೇ ಅಂತೀವಿ' ಎಂದಳು. ಹಾಲಿಗೆ ಏನಂತೀರಿ? ಪಾಲು. ಹುಲಿಗೆ? ಪುಲಿ. ಹಾಡುವುದಕ್ಕೆ? ಪಾಡು. ಕನ್ನಡ ಪೀರಿಯಡ್‌ನಲ್ಲಿ ಸದಾ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದ ಮಗು ಅದು. ಸಾವಿರ ವರ್ಷದ ಹಿಂದಿನ ಕಲ್ಲಿನ ಮಾತು ಅವಳ ಅಜ್ಜಿಯ ಬಾಯಲ್ಲಿದೆ ಎಂದು ತರಗತಿಗೆಲ್ಲ ಗೊತ್ತಾದ ಮೇಲೆ ಅವಳನ್ನು ನೋಡುವ ರೀತಿಯೇ ಬೇರೆಯಾಯಿತು.

ಇದರಿಂದ ಕಾಗುಣಿತಕ್ಕೂ ನೇರ ಲಾಭ ಇದೆ, ಇದನ್ನು ದಯವಿಟ್ಟು ಗಮನಿಸಿ. ಅಕ್ಕಿಯೋ ಹಕ್ಕಿಯೋ, ಆಡು ಮರಿಯೋ ಹಾಡುವ ಹಾಡೋ, ಅಲ್ಲಿಯೋ ಗೋಡೆಯ ಹಲ್ಲಿಯೋ ಎಂದು ತಡವರಿಸುವ ಮಗುವಿಗೆ ಒಂದು ದಾರಿ ಸಿಗುತ್ತದೆ. ತೆಲುಗು, ತಮಿಳು, ತುಳು ಬಲ್ಲ ಗೆಳೆಯರನ್ನು ಕೇಳು, ಅವರ ಮಾತಿನಲ್ಲಿ ಪ ಇದ್ದರೆ ನಮ್ಮ ಬರಹದಲ್ಲಿ ಹ ಹಾಕು. ತುಳುವಿನಲ್ಲಿ ಹಕ್ಕಿ 'ಪಕ್ಕಿ', ತಮಿಳಿನಲ್ಲಿ ಹಲ್ಲಿ 'ಪಲ್ಲಿ', ಹುಳಿ 'ಪುಳಿ'. ಆನೆಗೆ ಯಾರೂ 'ಪಾನೆ' ಎನ್ನುವುದಿಲ್ಲ, ಹಾಗಾಗಿ ಹ ಬೇಡ. ಸಂಸ್ಕೃತದಿಂದ ಬಂದ ಹಂಸ, ಹೃದಯದಂಥ ಮಾತುಗಳಿಗೆ ಈ ಉಪಾಯ ನಡೆಯುವುದಿಲ್ಲ, ಅವನ್ನು ಬೇರೆಯಾಗಿ ಕಲಿಸಬೇಕು. ಆದರೂ ದಿನಬಳಕೆಯ ಎಷ್ಟೋ ಮಾತುಗಳಿಗೆ ಸಾಲುತ್ತದೆ. 'ಹ ಹಾಕು' ಎಂದು ಗದರಿ ಆಗದ ಕೆಲಸ ಕಾರಣ ಹೇಳಿದರೆ ಆಗುತ್ತದೆ.

ಬದಲಾವಣೆ ಹಳೆಯ ಕಾಲಕ್ಕೇ ನಿಂತಿಲ್ಲ ಎನ್ನುವುದನ್ನೂ ಮಕ್ಕಳು ಬೇಗ ಹಿಡಿಯುತ್ತಾರೆ. ಹಳಗನ್ನಡದಲ್ಲಿ ಕಣ್, ಕಲ್, ಮಣ್, ಪಲ್ ಎಂದಿದ್ದದ್ದು ಕಣ್ಣು, ಕಲ್ಲು, ಮಣ್ಣು, ಹಲ್ಲು ಆಯಿತು. ಕಾಲ್, ನೀರ್, ಬೇರ್, ಪಾಲ್ ಎಂದಿದ್ದದ್ದು ಕಾಲು, ನೀರು, ಬೇರು, ಹಾಲು ಆಯಿತು. ಹ್ರಸ್ವದ ಮುಂದೆ ಒತ್ತು ಬಂತು, ದೀರ್ಘದ ಮುಂದೆ ಬರಲಿಲ್ಲ. ಈಗ ಇಂಗ್ಲಿಷಿನಿಂದ ಬಂದ ಮಾತುಗಳನ್ನು ಪಕ್ಕದಲ್ಲಿ ಬರೆಯಿರಿ. ಬಸ್ ಬಸ್ಸು ಆಯಿತು, ಪೆನ್ ಪೆನ್ನು ಆಯಿತು. ಕಾರ್ ಕಾರು, ರೋಡ್ ರೋಡು. ಕಣ್ಣಿಗೂ ಬಸ್ಸಿಗೂ ಒಂದೇ ನಿಯಮ. ಬಸ್ಸನ್ನು ಬಸ್ಸು ಮಾಡಿದವರು ಯಾರು? ಯಾವ ಪಂಡಿತರೂ ಕೂತು ತೀರ್ಮಾನ ಮಾಡಲಿಲ್ಲ. ಈ ಮಕ್ಕಳ ಅಜ್ಜ ಅಜ್ಜಿಯರು, ಸ್ಟ್ಯಾಂಡಿನಲ್ಲಿ ಕಾಯುತ್ತಾ ನಿಂತವರು ಮಾಡಿದರು.

ಇನ್ನೂ ಪೂರ್ತಿ ತೀರ್ಮಾನವಾಗದ ಮಾತುಗಳೂ ಇವೆ. ಚತುರ್ಥಿ ವಿಭಕ್ತಿಯ ಪಾಠದಲ್ಲಿ ಮರಕ್ಕೆ, ಮನೆಗೆ, ಊರಿಗೆ, ಅಣ್ಣನಿಗೆ ಎಂದು ಬರೆಸಿ, ಯಾವುದಕ್ಕೆ ಯಾಕೆ ಎಂದು ಕೇಳಿದೆ. ಮಾತಿನ ಕೊನೆಯ ಸ್ವರ ನೋಡಬೇಕು, ಅದು ಮನುಷ್ಯರೋ ವಸ್ತುವೋ ನೋಡಬೇಕು ಎಂದು ಮಕ್ಕಳೇ ಕಂಡುಕೊಂಡರು. ಆಮೇಲೆ ಅರ್ಥವಿಲ್ಲದ ಮಾತು ಕೊಟ್ಟೆ. 'ಗಿಮೆ' ಎಂದರೆ ತಕ್ಷಣ ಗಿಮೆಗೆ. 'ಟಬ' ಎಂದರೆ ಟಬಕ್ಕೆ. ಟಬ ಒಬ್ಬ ಹುಡುಗನ ಹೆಸರು ಎಂದರೆ ಟಬನಿಗೆ! ಯಾರೂ ಹೇಳಿಕೊಡದೆ, ಹಿಂದೆಂದೂ ಕೇಳದ ಮಾತಿಗೆ ಸರಿಯಾದ ಪ್ರತ್ಯಯ. ಇದಕ್ಕಿಂತ ದೊಡ್ಡ ವ್ಯಾಕರಣ ಜ್ಞಾನ ಇನ್ನೇನು ಬೇಕು? 'ಪಿಜ್ಜಾ' ಬಂದಾಗ ಮಾತ್ರ ತರಗತಿ ಎರಡು ಪಾಲಾಯಿತು. ಪಿಜ್ಜಾಕ್ಕೆ ಎಂದು ಕೆಲವರು, ಪಿಜ್ಜಾಗೆ ಎಂದು ಕೆಲವರು. ಜೋರು ಜಗಳ. ಇದರಲ್ಲಿ ಯಾವುದು ನಿಲ್ಲುತ್ತದೋ ಅದನ್ನು ನಿಮ್ಮಂಥವರ ಬಾಯೇ ತೀರ್ಮಾನ ಮಾಡುತ್ತದೆ ಎಂದು ಅವರಿಗೆ ಹೇಳಿದೆ.

ಆಕ್ಷೇಪಗಳು ನನಗೆ ಗೊತ್ತಿವೆ. ಸಮಾಲೋಚನಾ ಸಭೆಗಳಲ್ಲಿ ಕೇಳಿದ್ದೇನೆ. ಭಾಷೆ ಬದಲಾಗುತ್ತದೆ ಎಂದು ಕಲಿಸಿದರೆ ಮಕ್ಕಳು ಹೇಗೆ ಬೇಕೋ ಹಾಗೆ ಬರೆಯುತ್ತಾರೆ, ಶಿಷ್ಟ ಕನ್ನಡ ಹಾಳಾಗುತ್ತದೆ ಎನ್ನುತ್ತಾರೆ. ಹಾಗಾಗುವುದಿಲ್ಲ. ಬರಹದ ಕನ್ನಡ ಎಲ್ಲರಿಗೂ ಬೇಕು. ಬೀದರಿನ ಮಗು ಬರೆದದ್ದು ಚಾಮರಾಜನಗರದ ಮಗುವಿಗೆ ಅರ್ಥವಾಗಬೇಕಾದರೆ ಒಂದು ಒಪ್ಪಿದ ರೂಪ ಬೇಕೇ ಬೇಕು. ಪರೀಕ್ಷೆಗೆ, ಅರ್ಜಿಗೆ, ಪತ್ರಿಕೆಗೆ ಅದೇ ಬೇಕು. ಬಡ ಮನೆಯ ಮಕ್ಕಳಿಗೆ ಅದನ್ನು ಗಟ್ಟಿಯಾಗಿ ಕಲಿಸದೆ ಬಿಡುವುದು ಅವರಿಗೆ ಮಾಡುವ ಮೋಸ. ನಾನು ಕೇಳುವುದು ಇಷ್ಟೇ: ಬರಹದ ರೂಪವನ್ನು ಕಲಿಸಲು ಮನೆಯ ರೂಪವನ್ನು ತುಳಿಯಬೇಕಾಗಿಲ್ಲ. ನಮ್ಮ ಕಡೆ ಮನೇಲಿ, ಧಾರವಾಡದ ಕಡೆ ಮನ್ಯಾಗ, ಪುಸ್ತಕದಲ್ಲಿ ಮನೆಯಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಗುವಿಗೆ ಪುಸ್ತಕದ ರೂಪ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಸಮಯ ಇಲ್ಲ ಎನ್ನುವ ಆಕ್ಷೇಪಕ್ಕೆ ನನ್ನ ಉತ್ತರ ಸ್ವಲ್ಪ ಖಾರವಾಗಿದೆ. ಏಳು ವಿಭಕ್ತಿಗಳ ಹೆಸರನ್ನು ಬಾಯಿಪಾಠ ಮಾಡಿಸಲು ಸಮಯ ಇದೆಯಲ್ಲ? ಪಂಚಮಿಗೆ 'ದೆಸೆಯಿಂದ' ಎಂದು ಬರೆಸುತ್ತೇವೆ. ಮರದ ದೆಸೆಯಿಂದ ಎಲೆ ಬಿತ್ತು ಎಂದು ಇಡೀ ರಾಜ್ಯದಲ್ಲಿ ಯಾರಾದರೂ ಹೇಳುತ್ತಾರಾ? ಮರದಿಂದ ಎಲೆ ಬಿತ್ತು ಎನ್ನುತ್ತಾರೆ. ಆಡದ, ಬರೆಯದ ರೂಪವನ್ನು ಹತ್ತು ವರ್ಷದ ಮಕ್ಕಳಿಗೆ ಹೊರಿಸುವುದನ್ನು ಬಿಟ್ಟರೆ ಬೇಕಾದಷ್ಟು ಪೀರಿಯಡ್ ಉಳಿಯುತ್ತವೆ. ಹೈಸ್ಕೂಲಿನಲ್ಲಿ ಕಲಿಯಲಿ, ಬೇಡ ಎನ್ನುವುದಿಲ್ಲ.

ನಮ್ಮ ರಾಜ್ಯಕ್ಕೆ ಇದು ಹೊಸ ದಾರಿಯೂ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶುರುವಾದ ನಲಿ-ಕಲಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ ಮೊದಲ ಮೂರು ತರಗತಿಗಳಿಗೆ ಹಬ್ಬಿತು. ಅದನ್ನು ಕಟ್ಟುವುದರಲ್ಲಿ ನಮ್ಮಂಥ ಶಿಕ್ಷಕರ ಕೈಯೂ ಇತ್ತು. ಅಲ್ಲಿ ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ತಾನೇ ಮಾಡಿ ಕಲಿತ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಕೈಕಟ್ಟಿ ಕೂತು ಸೂತ್ರ ಒಪ್ಪಿಸಬೇಕಾಗುತ್ತದೆ. ಆ ಮುರಿತ ವ್ಯಾಕರಣದ ಪಾಠದಲ್ಲಿ ಕಾಣುವಷ್ಟು ಬೇರೆಲ್ಲೂ ಕಾಣುವುದಿಲ್ಲ.

ಹಾಗಾಗಿ ನನ್ನ ಕೋರಿಕೆ. ನಾಲ್ಕು ಮತ್ತು ಐದನೇ ತರಗತಿಯಲ್ಲಿ ಪ್ರತಿ ವ್ಯಾಕರಣದ ಪಾಠವೂ ಮಕ್ಕಳು ಮನೆಯಿಂದ, ಬೀದಿಯಿಂದ ಮಾತು ಕೂಡಿಸಿ ತರುವುದರಿಂದ ಶುರುವಾಗಲಿ. ಪುಟದಲ್ಲಿ 'ನಮ್ಮನೆ ಮಾತು' ಎಂದು ಒಂದು ಕಾಲಂ ಖಾಲಿ ಬಿಡಿ, ಪಕ್ಕದಲ್ಲಿ 'ಬರಹದ ಮಾತು' ಇರಲಿ. ಏನು ಬದಲಾಯಿತು ಎಂದು ಮಗು ತನ್ನ ಮಾತಿನಲ್ಲಿ ಬರೆದ ಮೇಲೆ ಲೋಪ, ಆಗಮ, ಆದೇಶ ಎನ್ನುವ ಹೆಸರು ಕೊಡಿ. ಕೇಶಿರಾಜ 13ನೇ ಶತಮಾನದಲ್ಲಿ ಕನ್ನಡಕ್ಕೆ ವ್ಯಾಕರಣ ಬರೆದಾಗಲೂ ಜನ, ಕವಿಗಳು ಬಳಸುತ್ತಿದ್ದ ಮಾತು ಮೊದಲೇ ಇತ್ತು. ಸೂತ್ರ ಆಮೇಲೆ ಬಂತು. ಆರನೇ ತರಗತಿಯಲ್ಲಿ ಒಂದೇ ಒಂದು ಪುಟ ಹಳಗನ್ನಡದ ಕಲ್ಲಿಗೆ ಮೀಸಲಿಡಿ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಎಲ್ಲರಿಗೂ ಇರಲಿ, ಜೊತೆಗೆ ಆಯಾ ಜಿಲ್ಲೆಯದು ಒಂದು ಇರಲಿ. ಊರೂರಿನ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಅಚ್ಚಾಗಿವೆ, ಹುಡುಕುವುದು ಕಷ್ಟವಲ್ಲ.

ಪರೀಕ್ಷೆ ಬದಲಾಗದೆ ಇದಾವುದೂ ನಡೆಯುವುದಿಲ್ಲ ಎನ್ನುವುದೂ ಗೊತ್ತು. ಪ್ರಶ್ನೆಪತ್ರಿಕೆಯಲ್ಲಿ 'ಸಂಧಿ ಹೆಸರಿಸಿ' ಇರುವವರೆಗೆ ಶಿಕ್ಷಕರು ಹೆಸರನ್ನೇ ಉರು ಹೊಡೆಸುತ್ತಾರೆ, ಅವರನ್ನು ಬೈದು ಫಲವಿಲ್ಲ. ಅದರ ಬದಲು ಆರು ಮಾತು ಕೊಟ್ಟು 'ಇವುಗಳನ್ನು ಎರಡು ಗುಂಪು ಮಾಡಿ, ಯಾಕೆ ಹಾಗೆ ಮಾಡಿದಿರಿ ಬರೆಯಿರಿ' ಎಂದು ಕೇಳಿ. ಉತ್ತರ ಒಂದೇ ಇರಬೇಕಾಗಿಲ್ಲ, ಕಾರಣ ಸರಿಯಿದ್ದರೆ ಅಂಕ ಕೊಡಿ.

ಹೊಸ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಇಂಥ ನಾಲ್ಕು ಪಾಠಗಳನ್ನು ಕಲಬುರಗಿ, ಧಾರವಾಡ, ಉಡುಪಿ, ಮಂಡ್ಯದ ಕೆಲವು ಶಾಲೆಗಳಲ್ಲಿ ಒಂದು ವರ್ಷ ಮಾಡಿಸಿ ನೋಡಿ. ಎಲ್ಲ ಕಡೆಯ ಮಕ್ಕಳ ಮಾತೂ ಬೇರೆಬೇರೆ, ಹಾಗಾಗಿ ಒಂದು ಕಡೆ ಓಡುವ ಪಾಠ ಇನ್ನೊಂದು ಕಡೆ ಎಡವಬಹುದು. ಅದನ್ನು ಆಯಾ ಊರಿನ ಶಿಕ್ಷಕರೇ ತಿದ್ದಲಿ. ಡು ಮತ್ತು ಗು ಪಾಠ, ಮಗ್ಗಿಯ ಪಾಠ, ಬಸ್ಸು-ಕಣ್ಣಿನ ಪಾಠ ನನ್ನ ಬಳಿ ಬರೆದಿಟ್ಟದ್ದು ಇದೆ. ಕೇಳಿದರೆ ಕಳಿಸಿಕೊಡುತ್ತೇನೆ.

ಇಂತಿ,
ಮಂಡ್ಯ ಜಿಲ್ಲೆಯ ಒಬ್ಬ ಕನ್ನಡ ಶಿಕ್ಷಕಿ